ದೇವಿಮನೆ ಇಳಿಯುವ ಮೊದಲು

ಕೇಳುಗರಿಗೆ ನಮಸ್ಕಾರ. ಶಿರಸಿಯಿಂದ ಕುಮಟಾಕ್ಕೆ ಬರುವವರು ದೇವಿಮನೆ ಘಟ್ಟ ಇಳಿಯಬೇಕು, ಯಲ್ಲಾಪುರದಿಂದ ಅಂಕೋಲೆಗೆ ಬರುವವರು ಅರಬೈಲು ಘಟ್ಟ. ಹಳೆಯ ಕಾರಿನ ಬ್ರೇಕಿಗೆ ಎರಡೂ ಕಡೆ ಪುರುಸೊತ್ತಿಲ್ಲ. ಹಾಗಾಗಿ ಇವತ್ತು ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರೋ, ಬ್ರೇಕ್ ಆಯಿಲ್ ಸಾಗಿಸುವ ಹೋಸ್ ಪೈಪೋ ಬದಲಾಯಿಸಿದ ಮೇಲೆ ಮಾಡಲೇಬೇಕಾದ ಬ್ಲೀಡಿಂಗ್ ಬಗ್ಗೆ, ಅಂದರೆ ಬ್ರೇಕಿನ ಗಾಳಿ ತೆಗೆಯುವ ಬಗ್ಗೆ ಮಾತಾಡೋಣ.

ಪೈಪು ಬಿಚ್ಚಿದರೆ ಒಳಗೆ ಗಾಳಿ ಸೇರುತ್ತದೆ. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಹಿಸುಕುವುದಕ್ಕೇ ಖರ್ಚಾಗುತ್ತದೆ. "ನಾಲ್ಕು ಸಲ ಪಂಪ್ ಹೊಡೀರಿ, ಬ್ರೇಕ್ ಹತ್ತುತ್ತೆ" ಎಂದು ಗಾಡಿ ಕೊಟ್ಟು ಕಳಿಸುವವರಿದ್ದಾರೆ. ಆ ಮಾತು ನಂಬಬೇಡಿ. ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ನಾಲ್ಕು ಸಲ ಹೊಡೆಯುವಷ್ಟು ಹೊತ್ತು ಯಾರು ಕೊಡುತ್ತಾರೆ?

ಆದರೆ ಪೆಡಲ್ ಕೆಳಗೆ ಹೋಗುವುದಕ್ಕೆಲ್ಲ ಗಾಳಿಯೇ ಕಾರಣವಲ್ಲ. ಒತ್ತಿದಾಗ ಮೆತ್ತಗೆ ಅನ್ನಿಸಿದರೆ ಗಾಳಿ. ಬಹಳ ಕೆಳಗೆ ಹೋಗಿ ಗಟ್ಟಿಯಾಗಿ ನಿಂತರೆ, ಹಿಂದಿನ ಚಕ್ರದ ಡ್ರಮ್ಮಿನಲ್ಲಿ ಅದಕ್ಕೆ ಒತ್ತಿ ಚಕ್ರ ನಿಲ್ಲಿಸುವ ಶೂ ಸಡಿಲ ಇರುವುದೇ ಹೆಚ್ಚು. ಮೊದಲು ಶೂ ಅಡ್ಜಸ್ಟ್ ಮಾಡಿ, ಆಮೇಲೆ ನಿಪ್ಪಲ್ಲಿಗೆ, ಅಂದರೆ ಚಕ್ರದ ಹತ್ತಿರ ಗಾಳಿ ಬಿಡುವ ಸಣ್ಣ ತಿರುಪಿಗೆ ಕೈ ಹಾಕಿ.

ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗಕ್ಕೆ, ದೂರದ ಚಕ್ರದಿಂದ ಶುರು. ನಮ್ಮ ಬಲಗೈ ಸ್ಟೇರಿಂಗಿನ ಗಾಡಿಗಳಲ್ಲಿ ಅದು ಹಿಂದಿನ ಎಡಚಕ್ರ. ಕೆಲವು ಗಾಡಿಗಳಲ್ಲಿ ಕ್ರಮ ಬೇರೆ, ಮ್ಯಾನ್ಯುಯಲ್ ಇದ್ದರೆ ಅದರ ಮಾತೇ ಕೊನೆ. ನಿಪ್ಪಲ್ಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಡಿ. ಪೆಡಲಿಗೆ ಒಬ್ಬರು, ಚಕ್ರದ ಹತ್ತಿರ ಒಬ್ಬರು.

"ತಮಾ, ಒತ್ತು."

"ಒತ್ತಿದೆ ಅಣ್ಣಾ."

"ಹಿಡ್ಕ. ನಾ ಹೇಳೂವರೆಗೆ ಬಿಡಬೇಡ."

ನಿಪ್ಪಲ್ ಅರ್ಧ ಸುತ್ತು ಬಿಚ್ಚಿದರೆ ಮೊದಲು ಕಂದು ಬಣ್ಣದ ಹಳೇ ಆಯಿಲ್, ಅದರ ಜೊತೆ ಸಣ್ಣ ಗುಳ್ಳೆಗಳು. ನಿಪ್ಪಲ್ ಬಿಗಿದ ಮೇಲೆಯೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಹೋದ ಗಾಳಿ ತಿರುಗಿ ಒಳಗೇ. ನಡುನಡುವೆ ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ನೋಡುತ್ತಿರಿ, ಅದು ಖಾಲಿಯಾದರೆ ಎಲ್ಲಾ ಮೊದಲಿನಿಂದ.

ಹಳೆಯ ಕಾರಿನಲ್ಲಿ ಪೆಡಲನ್ನು ನೆಲ ಮುಟ್ಟುವವರೆಗೆ ತುಳಿಯಬೇಡಿ. ಮಾಸ್ಟರ್ ಸಿಲಿಂಡರಿನೊಳಗೆ ಎಂದೂ ಉಜ್ಜದ ಜಾಗದಲ್ಲಿ ತುಕ್ಕು ಕೂತಿರುತ್ತದೆ, ರಬ್ಬರ್ ಸೀಲು ಅಲ್ಲಿಗೆ ಹೋದರೆ ಹರಿಯುತ್ತದೆ. ಪೆಡಲ್ ಕೆಳಗೆ ಮರದ ತುಂಡು ಇಟ್ಟರೆ ಸಾಕು. ಇನ್ನು ಎಷ್ಟು ಆಯಿಲ್ ಬಿಟ್ಟರೂ ಮುಂದಿನ ಡಿಸ್ಕಿನ ಗಾಳಿ ಹೋಗದಿದ್ದರೆ ಬಗ್ಗಿ ನೋಡಿ. ಡಿಸ್ಕನ್ನು ಹಿಡಿಯುವ ಎಡಬಲದ ಕ್ಯಾಲಿಪರ್ ಅದಲುಬದಲಾಗಿ ನಿಪ್ಪಲ್ ಕೆಳಗೆ ಬಂದಿದ್ದರೆ, ಮೇಲೆ ಕೂತ ಗಾಳಿ ಹೊರಗೆ ಬರುವುದಾದರೂ ಹೇಗೆ?

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಕರಾವಳಿಯ ಮಳೆಗಾಲದಲ್ಲಿ ಕೇಳುವುದೇ ಬೇಡ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ನೀರು ಸೇರಿದ ಮೇಲೆ ಅದರ ಮಿತಿ 155. ಘಟ್ಟದಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಅದೂ ಕುದಿದು ಆವಿಯ ಗುಳ್ಳೆ ಎದ್ದು, ಗಾಳಿ ಹೊಕ್ಕಷ್ಟೇ ಅನಾಹುತ. ಅರ್ಧ ಬಳಸಿ ಉಳಿದ ಹಳೇ ಆಯಿಲ್ ಡಬ್ಬಿ ಎಷ್ಟೇ ಹೊಟ್ಟೆ ಉರಿದರೂ ಬಿಸಾಡಿ. ಇಂಜಿನ್ ಆಯಿಲ್ ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ, ಸೀಲುಗಳೆಲ್ಲ ಉಬ್ಬುತ್ತವೆ. ಬಣ್ಣದ ಮೇಲೆ ಬ್ರೇಕ್ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಹೊಯ್ಯಿರಿ.

ಮುಗಿದ ಮೇಲೆ ಇಂಜಿನ್ ಚಾಲೂ ಮಾಡಿ ಒಂದು ನಿಮಿಷ ಪೆಡಲ್ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕುಸಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಸರಿಯಿದ್ದರೆ ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ನೋಡಿ. ಹಾಂ, ನಿಪ್ಪಲ್ಲಿನ ರಬ್ಬರ್ ಟೋಪಿ ಮರೆಯಬೇಡಿ. ಕಾರವಾರದ ಉಪ್ಪುಗಾಳಿಗೆ ನಿಪ್ಪಲ್ ತುಕ್ಕು ಹಿಡಿದರೆ ಮುಂದಿನ ಸಲ ಬಿಚ್ಚುವಾಗ ಮುರಿದು ಕೈಗೆ ಬರುತ್ತದೆ. ನಮಸ್ಕಾರ.