ಅಬೆನಾಕಿಗಳ 'ನಮ್ಮ ನೆಲ'

ಕೇಳುಗರಿಗೆ ನಮಸ್ಕಾರ.

ತುಳುವಿನಲ್ಲಿ 'ನಾವು' ಅನ್ನೋದಕ್ಕೆ ಎರಡು ಮಾತಿವೆ. 'ನಮ' ಅಂದರೆ ಕೇಳುತ್ತಿರುವ ನೀವೂ ಸೇರಿ ನಾವು. 'ಎಂಕುಲು' ಅಂದರೆ ನಿಮ್ಮನ್ನು ಬಿಟ್ಟು ನಾವು. ಕನ್ನಡದಲ್ಲಿ ಈ ಭೇದ ಇಲ್ಲ. ಆದರೆ ಅಮೆರಿಕದ ಈಶಾನ್ಯ ಮೂಲೆಯ ಮೂಲನಿವಾಸಿಗಳಾದ ಅಬೆನಾಕಿಗಳ ಭಾಷೆಯಲ್ಲಿ ಇದೆ ನೋಡಿ! ಅವರು ತಮ್ಮ ನಾಡನ್ನು 'ನ್ದಾಕಿನ್ನ' ಅನ್ನುತ್ತಾರೆ. ನಮ್ಮ ನೆಲ ಅಂತ ಅರ್ಥ. ಅದು ಎಂಕುಲು ಥರದ 'ನಮ್ಮ'. ಕೇಳುವವರು ಅದರಲ್ಲಿ ಸೇರಿಲ್ಲ.

ಈಗಿನ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್, ಮತ್ತೆ ಕೆನಡಾದ ಕ್ವಿಬೆಕ್‌ನ ದಕ್ಷಿಣ ಭಾಗ. ಇದೆಲ್ಲ ಅವರ ಸೀಮೆ. ಅಬೆನಾಕಿ ಅನ್ನುವ ಹೆಸರಿನಲ್ಲೇ ನಸುಕು ಇದೆ, ನೆಲ ಇದೆ. ಬೆಳಕು ಮೊದಲು ಹರಿಯುವ ನಾಡಿನವರು.

ಹಾಗಂತ ಬಂದವರನ್ನು ಅವರು ಬಾಗಿಲಲ್ಲೇ ತಡೆದರು ಅಂದುಕೊಳ್ಳಬೇಡಿ. 1621ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ಬಂದು ಪ್ಲಿಮತ್‌ನಲ್ಲಿ ನೆಲೆಸಿದ್ದ ವಲಸಿಗರ ಹತ್ತಿರ ಒಬ್ಬನೇ ನಡೆದು ಬಂದು, ಇಂಗ್ಲಿಷಿನಲ್ಲೇ ಸ್ವಾಗತ ಹೇಳಿದ ಸಮೋಸೆಟ್ ಅಬೆನಾಕಿ ಮುಖಂಡ. ಮೇನ್ ಕರಾವಳಿಗೆ ಬರುತ್ತಿದ್ದ ಇಂಗ್ಲಿಷ್ ಮೀನುಗಾರರಿಂದ ಭಾಷೆ ಕಲಿತಿದ್ದ. ಸ್ವಾಗತ ಮುಗಿದ ಮೇಲೆ ಸ್ವಲ್ಪ ಬಿಯರ್ ಇದೆಯಾ ಅಂತಲೂ ಕೇಳಿದ.

ಆಮೇಲೆ ಸಿಡುಬು ಊರೂರು ಖಾಲಿ ಮಾಡಿತು. 1670ರ ದಶಕದಿಂದ ಇಂಗ್ಲಿಷ್ ವಲಸಿಗರ ಜೊತೆ ಯುದ್ಧಗಳ ಸಾಲು. ಎಷ್ಟೋ ಕುಟುಂಬಗಳು ಉತ್ತರಕ್ಕೆ ಸರಿದು, ಕ್ವಿಬೆಕ್‌ನ ಸೇಂಟ್ ಫ್ರಾನ್ಸಿಸ್ ನದಿಯ ದಂಡೆಯ ಒಡಾನಕ್‌ನಲ್ಲಿ ನೆಲೆ ನಿಂತವು. ಒಡಾನಕ್ ಅಂದರೆ ಸುಮ್ನೆ 'ಊರಲ್ಲಿ' ಅಂತ.

1759ರ ಅಕ್ಟೋಬರ್ 4ರ ನಸುಕಿನಲ್ಲಿ ಬ್ರಿಟಿಷರ ಕಡೆಯ ರಾಬರ್ಟ್ ರೋಜರ್ಸ್ ತನ್ನ ಪಡೆ ಕಟ್ಟಿಕೊಂಡು ಬಂದು ಆ ಊರಿಗೆ ಬೆಂಕಿ ಇಟ್ಟ. ಸತ್ತವರು 200 ಅಂತ ವರದಿ ಬರೆದ. ಅಬೆನಾಕಿಗಳ ಜೊತೆಗಿದ್ದ ಫ್ರೆಂಚರ ಲೆಕ್ಕ ಸುಮಾರು 30. ಊರವರ ಬಾಯಲ್ಲಿ ಉಳಿದದ್ದು ಮಾತ್ರ ಬೇರೆ ಕಥೆ. ಹಿಂದಿನ ರಾತ್ರಿ ಕುಣಿತ ನಡೆದಿತ್ತು. ಸೆಕೆ ತಡೆಯದೆ ಒಬ್ಬ ಹುಡುಗಿ ಗಾಳಿಗೆ ಅಂತ ಹೊರಗೆ ಬಂದಳು. ಕತ್ತಲಲ್ಲಿ ಯಾರೋ ಅಪರಿಚಿತ. ಹೆದರಬೇಡ, ನಾನು ನಿಮ್ಮ ಗೆಳೆಯ, ಬೆಳಗಾಗೋ ಮೊದಲು ದಾಳಿ ಆಗುತ್ತೆ ಅಂದ. ಅವಳು ಒಳಗೆ ಹೋಗಿ ಹೇಳಿದಳು. ಕೆಲವರು ನಂಬಿದರು, ಮಕ್ಕಳು ಮರಿ ಕರಕೊಂಡು ಅಡಗಿದರು. ಕೆಲವರು ನಂಬದೆ ಕುಣಿಯುತ್ತಲೇ ಇದ್ದರು. ಸುಮಾರು 200 ವರ್ಷದ ಮೇಲೆ ಗಾರ್ಡನ್ ಡೇ ಎಂಬ ವಿದ್ವಾಂಸ ಒಡಾನಕ್‌ನ ಹಿರಿಯರಿಂದ ಇದನ್ನು ಕೇಳಿ ಬರೆದುಕೊಂಡ. ಎರಡು ಲೆಕ್ಕಗಳ ನಡುವಿನ ಅಂತರಕ್ಕೆ ಈ ಹುಡುಗಿಯೇ ಉತ್ತರ ಅಂತ ನನಗನ್ನಿಸುತ್ತೆ.

1884ರಲ್ಲಿ ಒಡಾನಕ್‌ನ ಜೋಸೆಫ್ ಲಾರೆಂಟ್ ತನ್ನ ಮನೆಮಂದಿಯ ಜೊತೆ ನ್ಯೂ ಹ್ಯಾಂಪ್‌ಶೈರ್‌ನ ಇಂಟರ್‌ವೇಲ್‌ಗೆ ಬಂದು ಬಿಡಾರ ಹೂಡಿದ. ಬೇಸಿಗೆಗೆ ಬರುವ ಪ್ರವಾಸಿಗರಿಗೆ ಬುಟ್ಟಿ ಮಾರಲು. ಆಶ್ ಮರದ ತೆಳು ಪಟ್ಟಿ, ಪರಿಮಳದ ಹುಲ್ಲು ಸೇರಿಸಿ ಹೆಣೆದ ಬುಟ್ಟಿಗಳು. ಅಜ್ಜಂದಿರ ನೆಲಕ್ಕೆ ಮೊಮ್ಮಕ್ಕಳು ವ್ಯಾಪಾರಿಗಳಾಗಿ ಬಂದಿದ್ದರು ಅಲ್ವಾ! ಅದೇ ವರ್ಷ ಅವನು ತನ್ನ ಭಾಷೆ ಕಲಿಸುವ ಪುಸ್ತಕವನ್ನೂ ಅಚ್ಚು ಹಾಕಿಸಿದ.

ಈಗಿನ ಜಗಳ ಮನೆಯೊಳಗಿನದು. 2011 ಮತ್ತು 2012ರಲ್ಲಿ ವರ್ಮಾಂಟ್ ರಾಜ್ಯ ನಾಲ್ಕು ಗುಂಪುಗಳನ್ನು ಅಬೆನಾಕಿ ಅಂತ ಒಪ್ಪಿತು. ಒಡಾನಕ್‌ನವರು ಒಪ್ಪುತ್ತಿಲ್ಲ. ನಿಮ್ಮ ವಂಶಾವಳಿ ತೋರಿಸಿ ಅಂತಾರೆ. ವರ್ಮಾಂಟ್‌ನ ಗುಂಪಿನವರೋ, ನಾವು ಇಲ್ಲೇ ತಲೆ ಮರೆಸಿಕೊಂಡು ಉಳಿದವರು ಅಂತಾರೆ. ನ್ದಾಕಿನ್ನ ಅನ್ನುವಾಗ ಆ 'ನಮ್ಮ'ದೊಳಗೆ ಯಾರ್ಯಾರು ಇದ್ದಾರೆ ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ.

ನಮಸ್ಕಾರ.