ಮೇಲೆ ಎಣಿಸಿ, ಕೆಳಗೆ ನಿಂತು ನೋಡಿ: ಲೈಟ್‌ಹೌಸ್ ನೋಡುವ ಕ್ರಮ

ಎಲ್ಲರಿಗೂ ನಮಸ್ಕಾರ.

ಲೈಟ್‌ಹೌಸ್ ನೋಡಲು ಹೋದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಟಿಕೆಟ್ ತಗೊಂಡು ಏದುಸಿರು ಬಿಡುತ್ತ ಹತ್ತುತ್ತಾರೆ, ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಾರೆ, ಇಳಿದು ಚುರುಮುರಿ ತಿಂದು ಗಾಡಿ ಹತ್ತುತ್ತಾರೆ. ದೀಪ ಹೊತ್ತಿಕೊಳ್ಳುವಾಗ ಒಬ್ಬರೂ ಅಲ್ಲಿರುವುದಿಲ್ಲ. ಮದುವೆಗೆ ಹೋಗಿ ಧಾರೆಗೆ ಮೊದಲೇ ಎದ್ದು ಬಂದ ಹಾಗೆ. ಹಾಗಾಗಿ ಇವತ್ತಿನ ಮಾತು ಮುಖ್ಯವಾಗಿ ಆ ದೀಪದ ಬಗ್ಗೆಯೇ.

ನಮಗೆ ಹತ್ತಿರದ್ದು ಕಾಪು. ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ., ಕಡಲಿಗೆ ಚಾಚಿದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ್ದು, ಗೋಪುರದ ಎತ್ತರ ಸುಮಾರು 27 ಮೀಟರ್. ಒಳಗೆ ಬಿಡುವುದು ಸಂಜೆ ಹೊತ್ತು ಮಾತ್ರ. ಬೆಳಗ್ಗೆ ಹತ್ತಕ್ಕೆ ಹೋಗಿ ಬೀಗ ನೋಡಿಕೊಂಡು ಬರುವವರಿಗೆ ಲೆಕ್ಕವಿಲ್ಲ. ಕರಾವಳಿಯಲ್ಲಿ ಡಿಸೆಂಬರಿನ ಸೂರ್ಯಾಸ್ತ ಆರು ಗಂಟೆಯ ಆಸುಪಾಸು, ಜೂನ್‌ನಲ್ಲಿ ಏಳರ ಹತ್ತಿರ. ಅದಕ್ಕೆ ಒಂದೂವರೆ ಗಂಟೆ ಮೊದಲು ಬಾಗಿಲ ಬಳಿ ಇರಿ. ಸೂರ್ಯ ಮುಳುಗುವ ಹೊತ್ತಿಗೇ ಮೇಲಿರಬೇಕೆಂದು ಎಲ್ಲರೂ ಕಾಯುವುದರಿಂದ ಕೊನೆಯ ಅರ್ಧ ಗಂಟೆ ಮೆಟ್ಟಿಲಲ್ಲಿ ಜನ ಜಾಮ್. ಮಳೆಗಾಲ ಬೇಡ. ಬಂಡೆ ಪಾಚಿ ಹಿಡಿದು ಜಾರುತ್ತದೆ, ಬುಡದವರೆಗೂ ನೀರು ನುಗ್ಗುತ್ತದೆ. ಉಳಿದ ತಿಂಗಳಲ್ಲೂ ಉಬ್ಬರದ ಸಮಯ ನೋಡಿಕೊಂಡು ಹೊರಡಿ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ.

ಹತ್ತುವಾಗ ಅವಸರ ಬೇಡ, ಕಿಟಕಿಗಳನ್ನು ಗಮನಿಸಿ. ಬುಡದ ಕಿಟಕಿಯ ಆಳಕ್ಕೆ ಕೈ ಚಾಚಿ, ಆಮೇಲೆ ಮೇಲಿನದಕ್ಕೂ ಚಾಚಿ. ಗೋಡೆ ಎಷ್ಟು ತೆಳುವಾಗುತ್ತ ಹೋಗಿದೆಯೆಂದು ಮೊಳದಲ್ಲೇ ಗೊತ್ತಾಗುತ್ತದೆ. ಗಾಳಿಗೆ ಬಗ್ಗದಿರಲು ತೂಕವೆಲ್ಲ ಬುಡದಲ್ಲಿರಬೇಕು. ಹಳೆಯ ಗೋಪುರಗಳಲ್ಲಿ ಸುರುಳಿ ಮೆಟ್ಟಿಲು ಮುಗಿದ ಮೇಲೆ ಕೊನೆಗೆ ಕಡಿದಾದ ಕಬ್ಬಿಣದ ಏಣಿ ಇರುವುದುಂಟು. ಅದನ್ನು ಇಳಿಯುವಾಗ ಏಣಿಗೇ ಮುಖ ಮಾಡಿ ಇಳಿಯಿರಿ. ಕಡಲ ಕಡೆ ಮುಖ ಮಾಡಿ ಇಳಿಯಲು ಹೋದವರ ಹಿಮ್ಮಡಿ ಮೆಟ್ಟಿಲಿಗೆ ಸಿಕ್ಕದೆ ಜಾರುತ್ತದೆ. ಮರಳು ಅಂಟಿದ ಹವಾಯಿ ಚಪ್ಪಲಿ ಇದ್ದರಂತೂ ಕೇಳುವುದೇ ಬೇಡ.

ಈಗ ಲಾಂದ್ರದ ಕೋಣೆ. ಒಳಗೆ ಬಿಡದಿದ್ದರೂ ಸುತ್ತಲಿನ ಗ್ಯಾಲರಿಯಿಂದ ಗಾಜಿನ ಮೂಲಕ ಕೆಲವೆಡೆ ಕಾಣುತ್ತದೆ. ಹಗಲಿನಲ್ಲಿ ಪರದೆ ಎಳೆದಿದ್ದರೆ ಬೇಸರಪಡಬೇಡಿ, ಅದಕ್ಕೆ ಕಾರಣವಿದೆ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ರೂಪಿಸಿದ ಲೆನ್ಸ್ ಒಂದೇ ದಪ್ಪ ಗಾಜಲ್ಲ. ನಡುವೆ ಭೂತಗನ್ನಡಿಯಂಥ ಉಬ್ಬು, ಸುತ್ತ ಬಳೆ ಬಳೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳು. ದೀಪದಿಂದ ಚೆದುರುವ ಬೆಳಕನ್ನು ಬಾಗಿಸಿ ಒಂದೇ ದಿಕ್ಕಿಗೆ ಕಳಿಸುವುದು ಅದರ ಕೆಲಸ. ಅದೇ ದಾರಿಯಲ್ಲಿ ಹಗಲಿನ ಬಿಸಿಲು ಹೊರಗಿನಿಂದ ಬಂದರೆ ನೇರ ದೀಪದ ಮೇಲೆಯೇ ಕೂಡಿ ಅದನ್ನು ಸುಡಬಲ್ಲದು. ಪರದೆ ಅದಕ್ಕೆ. ಗಾಜಿನ ಕೋಣೆಯ ಚೌಕಟ್ಟು ಕೆಲವು ಕಡೆ ಓರೆಯಾಗಿರುತ್ತದೆ. ನೆಟ್ಟಗಿನ ಪಟ್ಟಿಯಾದರೆ ಒಂದು ದಿಕ್ಕಿಗೆ ಬೆಳಕನ್ನೇ ಮರೆಮಾಡುತ್ತಿತ್ತು.

ಲೆನ್ಸ್‌ಗೆ ದರ್ಜೆಗಳಿವೆ. ಮೊದಲ ದರ್ಜೆಯಲ್ಲಿ ದೀಪಕ್ಕೂ ಗಾಜಿಗೂ 920 ಮಿ.ಮೀ. ಅಂತರ, ಆರನೆಯದರಲ್ಲಿ 150 ಮಿ.ಮೀ. ದೊಡ್ಡವು ಟನ್‌ಗಟ್ಟಲೆ ತೂಗುತ್ತವೆ. ಅಷ್ಟು ಭಾರ ಹಗುರವಾಗಿ ತಿರುಗಲೆಂದು ಪಾದರಸದ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು, ಬೆರಳಲ್ಲಿ ತಳ್ಳಿದರೂ ಸರಿಯುತ್ತಿತ್ತು. ವಿದ್ಯುತ್ ಮೋಟರ್ ಬರುವ ಮುಂಚೆ ತಿರುಗಿಸುತ್ತಿದ್ದದ್ದು ಗೋಪುರದ ನಡುವೆ ಮೆಲ್ಲಗೆ ಇಳಿಯುವ ತೂಕದ ಗಡಿಯಾರ ಯಂತ್ರ. ಕಾವಲುಗಾರ ಅದಕ್ಕೆ ರಾತ್ರಿಯೆಲ್ಲ ಎದ್ದೆದ್ದು ಕೀಲಿ ಕೊಡಬೇಕಿತ್ತು. ಪಾದರಸದ ಆವಿ ವಿಷ, ಹಾಗಾಗಿ ಹಳೆಯ ತೊಟ್ಟಿ ಕಂಡರೆ ಬಗ್ಗಿ ನೋಡುವುದು, ಮುಟ್ಟುವುದು ಬೇಡ.

ಲೆನ್ಸ್‌ಗೆ ಎಷ್ಟು ಮುಖಗಳಿವೆ, ಎಷ್ಟು ಉಬ್ಬುಗಳು ಎಂದು ಎಣಿಸಿ. ಸಮ ಅಂತರದಲ್ಲಿ ನಾಲ್ಕು ಮುಖಗಳಿದ್ದು ಲೆನ್ಸ್ 20 ಸೆಕೆಂಡಿಗೆ ಒಂದು ಸುತ್ತು ಬಂದರೆ, ಕಡಲಿನಲ್ಲಿರುವವನಿಗೆ ಐದು ಸೆಕೆಂಡಿಗೊಂದು ಮಿಣುಕು. ದೀಪ ಆರಿ ಹತ್ತುವುದಿಲ್ಲ; ಬೆಳಕಿನ ಕೋಲು ನಮ್ಮ ಕಣ್ಣನ್ನು ಹಾದು ಹೋಗುತ್ತದೆ, ಅಷ್ಟೇ.

ಇಳಿದ ಮೇಲೆ ಮರಳಲ್ಲಿ ಕೂತು ಕತ್ತಲಾಗಲು ಬಿಡಿ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಮಿಣುಕುಗಳು ಗುಂಪಾಗಿ ಬರುತ್ತಿದ್ದರೆ ಒಂದು ಗುಂಪಿನ ಮೊದಲ ಮಿಣುಕಿಗೆ ಒತ್ತಿ, ಹತ್ತು ಗುಂಪು ದಾಟಿ ಹನ್ನೊಂದನೆಯ ಗುಂಪಿನ ಮೊದಲನೆಯದಕ್ಕೆ ನಿಲ್ಲಿಸಿ, ಹತ್ತರಿಂದ ಭಾಗಿಸಿ. ಒಂದು ಗುಂಪಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡೆಂದು ಸಿಗುತ್ತದೆ. ಮೊದಲನೆಯದನ್ನೇ ‘ಒಂದು’ ಎಂದು ಎಣಿಸಿ ಹತ್ತಕ್ಕೇ ನಿಲ್ಲಿಸಿದರೆ ಸಿಕ್ಕಿದ್ದು ಒಂಬತ್ತು ಅಂತರ ಮಾತ್ರ. ಎಲ್ಲರೂ ಎಡವುವುದು ಇಲ್ಲೇ. ನಾವಿಕರ ಪಟ್ಟಿಯಲ್ಲಿ ಪ್ರತಿ ದೀಪದ ಮಿಣುಕಿನ ಕ್ರಮ ಬರೆದಿರುತ್ತದೆ. ಕತ್ತಲಲ್ಲಿ ಕಂಡ ದೀಪ ಯಾವೂರಿನದೆಂದು ಹಡಗಿನವರು ತಿಳಿಯುವುದು ಹೀಗೆ.

ಎಷ್ಟು ದೂರ ಕಾಣುತ್ತದೆ ಎಂಬುದಕ್ಕೂ ಸರಳ ಲೆಕ್ಕವಿದೆ. ದೀಪ ಸಮುದ್ರಮಟ್ಟದಿಂದ 36 ಮೀಟರ್, ದೋಣಿಯವನ ಕಣ್ಣು 4 ಮೀಟರ್ ಎತ್ತರದಲ್ಲಿದೆ ಎನ್ನಿ. ಎರಡರ ವರ್ಗಮೂಲ 6 ಮತ್ತು 2, ಕೂಡಿದರೆ 8. 2.08ರಿಂದ ಗುಣಿಸಿ: 16.6 ನಾಟಿಕಲ್ ಮೈಲಿ, ಅಂದರೆ ಸುಮಾರು 31 ಕಿ.ಮೀ. ಅದರಾಚೆ ದೀಪ ಎಷ್ಟೇ ಪ್ರಖರವಾಗಿರಲಿ, ಭೂಮಿಯ ಬಾಗು ಅಡ್ಡ ಬರುತ್ತದೆ.

ಎತ್ತರಕ್ಕಾಗಿ ಇದ್ದ ಕಟ್ಟಡವನ್ನೇ ಬಳಸಿದ್ದೂ ಉಂಟು. ಮಹಾಬಲಿಪುರಂನಲ್ಲಿ ಈಗಿನ ಗೋಪುರ ಬರುವ ಮುಂಚೆ ಪಕ್ಕದ ಬಂಡೆಯ ಮೇಲಿನ ಪಲ್ಲವರ ಓಲಕ್ಕನ್ನೇಶ್ವರ ಗುಡಿಯ ನೆತ್ತಿಯಲ್ಲಿ ದೀಪ ಉರಿಯುತ್ತಿತ್ತು. ಎರಡನ್ನೂ ಒಟ್ಟಿಗೇ ನೋಡಿ. ಚೆನ್ನೈನಲ್ಲಿ 1844ರಿಂದ 1894ರವರೆಗೆ ಕಲ್ಲಿನ ಕಂಬ, ಆಮೇಲೆ ಹೈಕೋರ್ಟಿನ ಗುಮ್ಮಟ, 1977ರಿಂದ ಮರೀನಾದ ತ್ರಿಕೋನ ಗೋಪುರ. ಮಂಡಿ ನೋವಿನವರಿಗೆ ಇದೇ ಸರಿ, ಲಿಫ್ಟ್ ಇದೆ.

ಕೊನೆಗೊಂದು ಎಚ್ಚರಿಕೆ. ಮೇಲೆ ಎಣಿಸಿದ್ದಕ್ಕೂ ಕೆಳಗೆ ಕಂಡದ್ದಕ್ಕೂ ತಾಳೆಯಾಗದಿದ್ದರೆ ನಿಮ್ಮ ಲೆಕ್ಕವೇ ತಪ್ಪು ಅಂದುಕೊಳ್ಳಬೇಡಿ. ಹಲವೆಡೆ ಈಗ ಎಲ್‌ಇಡಿ ದೀಪ ಕೂರಿಸಿದ್ದಾರೆ. ಅದು ತಾನೇ ಆರಿ ಹತ್ತುತ್ತದೆ, ಹಳೆಯ ಲೆನ್ಸ್ ಸುಮ್ಮನೆ ನಿಂತಿರುತ್ತದೆ. ಕೆಳಗೆ ಬರುವ ಮುಂಚೆ ಅಲ್ಲಿನ ಸಿಬ್ಬಂದಿಯನ್ನು ‘ಲೆನ್ಸ್ ಈಗಲೂ ತಿರುಗುತ್ತದೆಯೇ’ ಎಂದು ಕೇಳಿಕೊಳ್ಳಿ.