ಹಳಿ ಆಮೇಲೆ, ಮೊದಲು ದಾರಿ

ಎಲ್ಲರಿಗೂ ನಮಸ್ಕಾರ. ಹೊರಗೆ ಇಷ್ಟು ಜೋರು ಮಳೆ ಉಂಟು, ಆದರೂ ಕುರ್ಚಿ ತುಂಬಿದೆ. ಬಂದವರಲ್ಲಿ ಅರ್ಧ ಜನರ ಚಪ್ಪಲಿ ಒದ್ದೆ. ಇನ್ನರ್ಧ ಜನ ಕಾರು ನಿಲ್ಲಿಸ್ಲಿಕ್ಕೆ ಜಾಗ ಹುಡುಕಿ ತಡವಾಗಿ ಬಂದವರು. ಪೀಠಿಕೆ ನೀವೇ ಹಾಕಿ ಆಯಿತು, ನಾನು ನೇರ ವಿಷಯಕ್ಕೆ ಬರ್ತೇನೆ.

ಮಂಗಳೂರು ಪೇಟೆಗೆ ಟ್ರಾಮ್ ಬೇಕಾ? ಬೇಕು ಅನ್ನುವವ ನಾನು. ಆದರೆ ನಾಳೆ ಬೆಳಿಗ್ಗೆ ಹಂಪನಕಟ್ಟೆಯಲ್ಲಿ ಹಳಿ ಹಾಕ್ಲಿಕ್ಕೆ ಜೆಸಿಬಿ ಬಂದರೆ ಅದರ ಎದುರು ಕೂರುವವನೂ ನಾನೇ. ಯಾಕೆ ಅಂತ ಹೇಳ್ಬೇಕಾದರೆ ನಮ್ಮ ಅಪ್ಪನ ಕತೆ ಹೇಳ್ಬೇಕು.

ಅಪ್ಪ 1946ರಲ್ಲಿ ಮದ್ರಾಸಿಗೆ ಹೋದರು. ಹದಿಮೂರು ವರ್ಷ. ಉಡುಪಿ ಹತ್ತಿರದ ಹಳ್ಳಿಯಿಂದ ಬಸ್ಸು, ಹೊಳೆ ಬಂದಲ್ಲಿ ಇಳಿದು ದೋಣಿ, ಆಚೆ ದಡದಲ್ಲಿ ಮತ್ತೆ ಬಸ್ಸು, ಮಂಗಳೂರಿನಿಂದ ರೈಲು. ಜಾರ್ಜ್ ಟೌನಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ. ನಿಮ್ಮ ಮನೆಗಳಲ್ಲೂ ಇಂಥ ಒಬ್ಬರಾದರೂ ಇದ್ದೇ ಇರ್ತಾರೆ. ಅಲ್ಲಿ ಹೋಗಿ ಸೇರಿದ ವಾರವೇ ಧಣಿಗಳು ಕೈಗೆ ಟಿಫಿನ್ ಕ್ಯಾರಿಯರ್ ಕೊಟ್ಟು ಮೌಂಟ್ ರೋಡಿನ ಒಂದು ಆಫೀಸಿಗೆ ಕಳಿಸಿದರಂತೆ. ಹೋಗುವಾಗ ಟ್ರಾಮ್‌ನಲ್ಲಿ ಕೂರಿಸಿದವರಿದ್ದರು. ಬರುವಾಗ ಕತ್ತಲೆ, ಜೇಬಿನಲ್ಲಿದ್ದ ಕಾಸು ಎಲ್ಲೋ ಬಿದ್ದುಹೋಗಿದೆ. ತಮಿಳು ಓದ್ಲಿಕ್ಕೆ ಬರುವುದಿಲ್ಲ, ಇಂಗ್ಲಿಷ್ ಮೊದಲೇ ಇಲ್ಲ. ತುಳುವಿನಲ್ಲಿ ಕೇಳಿದರೆ ಯಾರು ಹೇಳ್ತಾರೆ? ಸ್ವಲ್ಪ ಹೊತ್ತು ಅತ್ತು, ಆಮೇಲೆ ಕೆಳಗೆ ನೋಡಿದರಂತೆ. ರಸ್ತೆಯಲ್ಲಿ ಹಳಿ ಹೊಳೀತಾ ಇತ್ತು. ಆ ಹಳಿ ಹಿಡಿದು ನಡೆದರು. ಎರಡು ಕಡೆ ಹಳಿ ಕವಲೊಡೆದಿತ್ತು, ಅಲ್ಲಿ ನಿಂತು ಯಾವ ಟ್ರಾಮ್ ಎಲ್ಲಿಗೆ ತಿರುಗ್ತದೆ ಅಂತ ನೋಡಿ, ಅದರ ಹಿಂದೆ ನಡೆದರು. ಹೋಟೆಲಿನ ಬಾಗಿಲು ಹಾಕುವ ಮೊದಲು ಖಾಲಿ ಕ್ಯಾರಿಯರ್ ಜೊತೆ ಹಾಜರು. ಅಪ್ಪ ಇದನ್ನು ನೂರು ಸಲ ಹೇಳಿದ್ದಾರೆ. ನೂರು ಸಲವೂ ಕೊನೆಗೆ ಇದೇ ಮಾತು: "ಬಸ್ಸು ಹೋದ ಮೇಲೆ ರಸ್ತೆಯಲ್ಲಿ ಏನೂ ಉಳಿಯುವುದಿಲ್ಲ ಮಗಾ. ಟ್ರಾಮ್ ಹೋದ ಮೇಲೂ ಹಳಿ ಇರ್ತದೆ."

ಟ್ರಾಮ್ ಬೇಕು ಅನ್ನುವವರ ದೊಡ್ಡ ವಾದವೇ ಇದು. ಅಪ್ಪ ಅದನ್ನು ಹದಿಮೂರನೇ ವಯಸ್ಸಿಗೆ ಕಾಲಿನಲ್ಲಿ ಕಲಿತಿದ್ದರು. ಹಳಿ ಬಿದ್ದ ಬೀದಿಯಲ್ಲಿ ಅಂಗಡಿಯವನು ಧೈರ್ಯವಾಗಿ ಅಂಗಡಿ ಹಾಕ್ತಾನೆ, ಮನೆ ಕೊಳ್ಳುವವನು ನಂಬಿ ಮನೆ ಕೊಳ್ತಾನೆ. ಬಸ್ಸಿನ ರೂಟ್ ಪರ್ಮಿಟ್ ಬದಲಾದರೆ ಮರುದಿನ ಬೇರೆ. ಹಳಿ ಹಾಗೆ ಬದಲಾಗುವುದಿಲ್ಲ.

ಬದಲಾಗುವುದಿಲ್ಲವಾ? ಅಪ್ಪನ ಕತೆಯ ಎರಡನೇ ಭಾಗ ಉಂಟು. ಮದ್ರಾಸಿನಲ್ಲಿ ವಿದ್ಯುತ್ ಟ್ರಾಮ್ ಶುರುವಾದದ್ದು 1895ರಲ್ಲಿ, ಕಲ್ಕತ್ತೆಗಿಂತಲೂ ಮೊದಲು. 1953ರ ಏಪ್ರಿಲ್‌ನಲ್ಲಿ ಅದು ನಿಂತಿತು. ದಿನಾ ಬೆಳಿಗ್ಗೆ ಇಡ್ಲಿ ಕಾಫಿಗೆ ಬರ್ತಿದ್ದ ಒಬ್ಬ ಟ್ರಾಮ್ ಕಂಡಕ್ಟರ್, ಅದಾದ ಮೇಲೆ ಬಂದು ಕಾಫಿ ಮಾತ್ರ ಹೇಳಿ, ಲೆಕ್ಕ ಬರೆದಿಡಿ ಅಂದರಂತೆ. ಅಪ್ಪ ಆಗ ಗಲ್ಲಾಕ್ಕೆ ಬಂದಿದ್ದರು. ಬರೆಯಲಿಲ್ಲ, ಹಾಗೇ ಕೊಟ್ಟರು. ಮುಂಬಯಿಯಲ್ಲಿ 1964ರಲ್ಲಿ ನಿಂತಿತು. ದೆಹಲಿ, ಕಾನ್ಪುರ ಎಲ್ಲ ಕಡೆ ಹೋಯಿತು. ಊರೂರಲ್ಲಿ ಕೇಳಿಬಂದ ಒಂದು ದೂರು: ಟ್ರಾಮ್ ಮೋಟಾರಿಗೆ ಅಡ್ಡ. ಮೋಟಾರು ಟ್ರಾಮಿಗೆ ಅಡ್ಡ ಅಂತ ಯಾರೂ ಹೇಳಲಿಲ್ಲ. ಒಂದು ಮೋಟಾರಿನಲ್ಲಿ ಇಬ್ಬರು, ಟ್ರಾಮಿನಲ್ಲಿ ಇಡೀ ಕೇರಿ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಹಳಿಯದ್ದಲ್ಲ. ರಸ್ತೆ ಯಾರದ್ದು? ಇದನ್ನು ಇವತ್ತು ಬಹಳ ಸಲ ಕೇಳ್ತೇನೆ, ಬೇಸರ ಮಾಡ್ಕೊಳ್ಬೇಡಿ.

ನಮ್ಮ ಪೇಟೆ ನೋಡಿ. ಎಲ್ಲ ಬಸ್ಸೂ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೇ ಬರಬೇಕು. ಕೊಣಾಜೆಯಿಂದ ಹೊರಟದ್ದೂ ಸುರತ್ಕಲ್‌ನಿಂದ ಹೊರಟದ್ದೂ ಕೊನೆಗೆ ಅಲ್ಲೇ. ಹೊಟ್ಟೆ ದೊಡ್ಡದು, ಕುತ್ತಿಗೆ ಸಣ್ಣದು. ಆ ಕುತ್ತಿಗೆ ಹಂಪನಕಟ್ಟೆ. ಸಿಟಿ ಬಸ್ಸು ನಡೆಸುವವರಲ್ಲಿ ಹೆಚ್ಚಿನವರು ಖಾಸಗಿಯವರು. ನಾನು ಅವರನ್ನು ಬೈಯುವವನಲ್ಲ. 1914ರಲ್ಲಿ ಶುರುವಾದ ಸಿಪಿಸಿ ಎಂಬ ಖಾಸಗಿ ಬಸ್ಸು ಕಂಪನಿಯಿಂದ ಹಿಡಿದು ಈ ಜಿಲ್ಲೆಯನ್ನು ಊರೂರಿಗೆ ಜೋಡಿಸಿದವರು ಅವರೇ. ಸರಕಾರದ ಬಸ್ಸು ಮುಖ ತೋರಿಸದ ಗುಡ್ಡದ ತುದಿಗೂ ಅವರ ಬಸ್ಸು ಹೋಗಿದೆ. ಆದರೆ ಡ್ರೈವರು, ಕಂಡಕ್ಟರಿನ ಸಂಪಾದನೆ ಆ ದಿನದ ಕಲೆಕ್ಷನ್ ಮೇಲೆ ನಿಂತಿರುವಾಗ, ಎರಡು ನಿಮಿಷದ ಟೈಮಿಂಗ್ಸ್‌ಗೆ ಜಗಳ ಆಗದೆ ಇನ್ನೇನು? ಹಿಂದಿನ ಬಸ್ಸು ಕಂಡ ಕೂಡಲೇ "ಉಲಾಯಿ ಪೋಲೆ, ಉಲಾಯಿ ಪೋಲೆ", ಒಳಗೆ ಹೋಗಿ ಅಂತ, ಒಂದು ವಿಸಿಲ್, "ರೈಟ್ ಪೋಯಿ." ಅಜ್ಜಿಯ ಒಂದು ಕಾಲು ಇನ್ನೂ ನೆಲದಲ್ಲೇ ಇರ್ತದೆ.

ಆ ಅಜ್ಜಿ ನಮ್ಮ ಅಮ್ಮ. ಎಂಬತ್ತೆರಡು ವರ್ಷ. ಕೊಡಿಯಾಲ್ ತೇರು, ಅಂದರೆ ವೆಂಕಟರಮಣ ದೇವಸ್ಥಾನದ ರಥೋತ್ಸವ ಬಂದರೆ ರಥಬೀದಿಗೆ ಹೋಗಲೇಬೇಕು, ಅವರಿಗೆ ಅದು ವರ್ಷದ ದೊಡ್ಡ ದಿನ. ಐದು ವರ್ಷದಿಂದ ಹೋಗ್ಲಿಲ್ಲ. ಮಂಡಿ ನೋವು ಅಂತ ಹೇಳ್ತಾರೆ, ಆದರೆ ಮನೆಯಲ್ಲಿ ಹದಿನಾರು ಮೆಟ್ಟಿಲು ಹತ್ತಿ ಟೆರೇಸಿನಲ್ಲಿ ಹಪ್ಪಳ ಒಣಗಿಸ್ತಾರೆ. ಅವರಿಗೆ ಹೆದರಿಕೆ ಬಸ್ಸಿನ ಮೊದಲನೇ ಮೆಟ್ಟಿಲಿನದ್ದು. ನಮ್ಮ ಸಾದಾ ಬಸ್ಸಿನ ನೆಲ ರಸ್ತೆಯಿಂದ 900 ಮಿಲಿಮೀಟರ್ ಎತ್ತರ, ಅದಕ್ಕೂ ಹೆಚ್ಚು ಇರುವುದೂ ಉಂಟು. ಲೋ ಫ್ಲೋರ್ ಬಸ್ಸಿನದ್ದು 400. ಈಗಿನ ಟ್ರಾಮಿನದ್ದು 350 ಆಸುಪಾಸು, ನಿಲ್ದಾಣದ ಕಟ್ಟೆಯೂ ಅದೇ ಮಟ್ಟಕ್ಕೆ. ಅಂದರೆ ಚಾವಡಿಯಿಂದ ಒಳಕೋಣೆಗೆ ನಡೆದ ಹಾಗೆ ಒಳಗೆ ನಡೆಯುವುದು. ನಾನು ಸಿವಿಲ್ ಎಂಜಿನಿಯರಿಂಗ್ ಓದಿದವ, ನನಗೆ ಪ್ರಯಾಣಿಕರ ಸಂಖ್ಯೆ, ವೇಗ, ಖರ್ಚು ಎಲ್ಲ ಮುಖ್ಯವೇ. ಆದರೆ ಟ್ರಾಮಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಈ 350 ಮಿಲಿಮೀಟರಿನಿಂದ.

ಇನ್ನು, ಹಾಗಾದರೆ ಹಾಕಿಬಿಡಿ ಅನ್ನುವವರಿಗೆ ಸ್ಕಾಟ್ಲೆಂಡಿನ ಎಡಿನ್‌ಬರೋದ ಕತೆ. ಊರು ನಮ್ಮದಷ್ಟೇ, ಐದು ಲಕ್ಷದ ಲೆಕ್ಕ. ಟ್ರಾಮಿಗೆ ಇಟ್ಟ ಬಜೆಟ್ ಮಿತಿ 54.5 ಕೋಟಿ ಪೌಂಡ್. ಅಗೆಯುತ್ತಾ ಹೋದ ಹಾಗೆ ನೆಲದ ಕೆಳಗೆ ನೂರಾರು ವರ್ಷದ ನೀರಿನ ಪೈಪು, ಗ್ಯಾಸ್ ಪೈಪು, ಕೇಬಲ್ಲು. ಯಾವ ನಕ್ಷೆಗೂ ಹೊಂದದ ಹಾಗೆ. ಗುತ್ತಿಗೆದಾರರಿಗೂ ನಗರದವರಿಗೂ ಜಗಳ, ಕೆಲಸ ನಿಂತಿತು. ಮುಖ್ಯ ಬೀದಿ ವರ್ಷಗಟ್ಟಲೆ ಗುಂಡಿ. 2014ರಲ್ಲಿ ಟ್ರಾಮ್ ಹೊರಡುವಾಗ ಖರ್ಚು 77.6 ಕೋಟಿ ಪೌಂಡ್, ದಾರಿ ಮಾತ್ರ ಮೊದಲು ಹೇಳಿದ್ದಕ್ಕಿಂತ ಗಿಡ್ಡ, 14 ಕಿಲೋಮೀಟರ್. ಆಮೇಲೆ ಜನ ಹತ್ತಿದರು, 2023ರಲ್ಲಿ ಬಿಟ್ಟ ಭಾಗವನ್ನೂ ಹಾಕಿದರು, ಅದು ಬೇರೆ. ಆದರೆ ಪಂಪ್‌ವೆಲ್ ಫ್ಲೈಓವರ್‌ಗೆ ಹತ್ತು ವರ್ಷ ಕಾದ ನಮಗೆ ಬೀದಿ ಅಗೆದಿಡುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಾಂಕ್ರೀಟ್ ರಸ್ತೆಯ ಕೆಳಗೆ ತುಂಬೆಯ ನೀರಿನ ಪೈಪು ಎಲ್ಲಿ, ಒಳಚರಂಡಿ ಎಲ್ಲಿ, ಎಷ್ಟು ಆಳ, ಒಂದೇ ನಕ್ಷೆಯಲ್ಲಿ ತೋರಿಸಿ. ಹಳಿಯ ಮಾತು ಆಮೇಲೆ.

ಮಳೆಯದ್ದೂ ಹಾಗೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಊರು. ರಸ್ತೆಯಲ್ಲಿ ಹೂಳುವ ಹಳಿಗೆ ಒಂದು ಚಡಿ ಇರ್ತದೆ, ಚಕ್ರದ ಅಂಚು ಅದರಲ್ಲಿ ಓಡುವುದು. ಆ ಚಡಿಗೆ ನಮ್ಮ ಕೆಂಪು ಮಣ್ಣು ತುಂಬಿದರೆ ದಿನಾ ತೆಗೆಯಬೇಕು, ನೀರು ತುಂಬಿದರೆ ರಾಜಕಾಲುವೆಗೆ ಇಳಿಸಬೇಕು. ಕೊಟ್ಟಾರ ಚೌಕಿಯಲ್ಲಿ ಮೊಣಕಾಲು ನೀರು ನಿಲ್ಲುವಾಗ ಇದು ಸಣ್ಣ ಮಾತಲ್ಲ. ಏರೂ ಉಂಟು. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ನೂರು ಮೀಟರಿಗೆ ಆರೇಳು ಮೀಟರ್ ಏರುವುದು ಸಲೀಸು. ಲಿಸ್ಬನ್‌ನಲ್ಲಿ ಅದರ ಎರಡರಷ್ಟು ಏರ್ತದೆ, ಆದರೆ ಅವು ಪುಟ್ಟ ಗಾಡಿಗಳು. ಹಾಗಾಗಿ ಬಾವುಟಗುಡ್ಡೆ, ಬಲ್ಮಠದ ಆಸೆ ಸದ್ಯಕ್ಕೆ ಬಿಡಿ. ನನ್ನ ಲೆಕ್ಕದಲ್ಲಿ ದಾರಿ ಒಂದೇ: ಸ್ಟೇಟ್‌ಬ್ಯಾಂಕ್, ಹಂಪನಕಟ್ಟೆ, ಪಿವಿಎಸ್ ಸರ್ಕಲ್, ಅಲ್ಲಿಂದ ಎಂ.ಜಿ. ರಸ್ತೆಯಲ್ಲಿ ಲಾಲ್‌ಬಾಗ್, ಬಿಜೈ ಕೆಎಸ್‌ಆರ್‌ಟಿಸಿ. ನಾಲ್ಕು ಕಿಲೋಮೀಟರಿನ ಆಸುಪಾಸು.

ಈ ದಾರಿಯಲ್ಲಿ ನಾಳೆಯೇ ಮಾಡಬಹುದಾದದ್ದು ಉಂಟು. ಎರಡು ಹಳಿಗೆ ಬೇಕಾದ ಅಗಲ ಸುಮಾರು 7 ಮೀಟರ್. ಆ 7 ಮೀಟರನ್ನು ಈಗಲೇ ಬಸ್ಸಿಗೆ ಬಿಡಿ. ಕಟ್ಟೆ ಕಟ್ಟಿ, ಟ್ರಾಮಿನ ಕಟ್ಟೆಯ ಎತ್ತರಕ್ಕೇ ಕಟ್ಟಿ. ಲೋ ಫ್ಲೋರ್ ಬಸ್ಸು ಬಿಡಿ. ಖಾಸಗಿಯವರಿಗೆ ಕಲೆಕ್ಷನ್ ಬದಲು ಓಡಿಸಿದ ಕಿಲೋಮೀಟರಿಗೆ ಇಷ್ಟು ಅಂತ ಕೊಡಿ, ಆಗ ಯಾರೂ ಯಾರನ್ನೂ ಓವರ್‌ಟೇಕ್ ಮಾಡಬೇಕಾಗಿಲ್ಲ. ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಹಿಡಿದರೆ ಗಂಟೆಗೆ ಒಂದು ದಿಕ್ಕಿಗೆ 3,600 ಜನ. ಕೇಂದ್ರ ಸರಕಾರ 2019ರಲ್ಲಿ ಮೆಟ್ರೊಲೈಟ್ ಅಂತ ಮಾನದಂಡ ತಂದಿತು, ಹೆಚ್ಚುಕಡಿಮೆ ಟ್ರಾಮೇ ಅದು. ಅದು ಗಂಟೆಗೆ ಒಂದು ದಿಕ್ಕಿಗೆ 15,000 ಜನರ ತನಕದ ದಾರಿಗೆ ಹೇಳಿದ್ದು. ಬಸ್ಸು ತುಂಬಿ ತುಳುಕಿ ಇನ್ನಾಗುವುದಿಲ್ಲ ಅನ್ನುವ ದಿನ ಬರಲಿ, ಅದೇ ಕಟ್ಟೆಗಳ ನಡುವೆ ಹಳಿ ಇಳಿಸುವ. ಕಾಲಿಗೆ ಅಭ್ಯಾಸ ಆಗಿರ್ತದೆ, ಬೀದಿಗೂ ಅಭ್ಯಾಸ ಆಗಿರ್ತದೆ.

ಕಷ್ಟ ಎಲ್ಲಿ ಅಂದರೆ, ರಸ್ತೆ ಯಾರದ್ದು ಅನ್ನುವಲ್ಲಿ. ದೆಹಲಿಯಲ್ಲಿ 2008ರಲ್ಲಿ ಬಸ್ಸಿಗೆ ಬೇರೆ ದಾರಿ ಮಾಡಿದರು. ಕಾರಿನವರು ಕೂಗಿದರು, 2016ರಲ್ಲಿ ಕಿತ್ತು ಹಾಕಿದರು. ನಮ್ಮ ಹುಬ್ಬಳ್ಳಿ ಧಾರವಾಡದಲ್ಲಿ 22 ಕಿಲೋಮೀಟರ್ ದಾರಿಯನ್ನು ಚಿಗರಿ ಬಸ್ಸಿಗೆ ಮೀಸಲಿಟ್ಟರು, ಅಲ್ಲೂ ನಮಗೆ ಬಿಟ್ಟುಕೊಡಿ ಅನ್ನುವ ಬೇರೆ ಗಾಡಿಯವರ ಕೂಗು ನಿಂತಿಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್‌ನ ಜನ ನೋಡಿ. ನೆಲದಡಿ ರೈಲು ಮಾಡ್ತೇವೆ, ಬೀದಿಯಿಂದ ಟ್ರಾಮ್ ಕೆಳಗಿಳಿಸ್ತೇವೆ ಅಂದಾಗ 1962ರಲ್ಲಿ ಒಮ್ಮೆ, 1973ರಲ್ಲಿ ಮತ್ತೊಮ್ಮೆ ಓಟು ಹಾಕಿ ಬೇಡ ಅಂದರು. ಮೇಲಿನ ಟ್ರಾಮಿಗೇ ದಾರಿ ಬಿಡಿಸಿದರು, ಸಿಗ್ನಲ್ ಅದಕ್ಕೇ ಮೊದಲು ಹಸಿರಾಗುವ ಹಾಗೆ ಮಾಡಿದರು.

ಸಮಯ ಆಯಿತು ಅಂತ ಚೀಟಿ ಬಂತು. ಹಣದ ವಿಷಯ ವಿವರವಾಗಿ ಹೇಳ್ಬೇಕಂತ ಬರೆದುಕೊಂಡು ಬಂದಿದ್ದೆ, ಒಂದೇ ಮಾತು ಹೇಳಿ ಬಿಡ್ತೇನೆ: ಹಳಿ ಹಾಕುವ ದುಡ್ಡು ಎಲ್ಲಿಂದಲೂ ಬಂದೀತು, ಬಿಡಿಭಾಗದ ದುಡ್ಡು ಊರೇ ಕೊಡಬೇಕು. ಇಥಿಯೋಪಿಯಾದ ಆಡಿಸ್ ಅಬಾಬದಲ್ಲಿ 2015ರಲ್ಲಿ 41 ಟ್ರಾಮ್ ಗಾಡಿ ತಂದರು, ಬಿಡಿಭಾಗ ಸಿಗದೆ ಕೆಲವೇ ವರ್ಷದಲ್ಲಿ ಹೆಚ್ಚಿನವು ಶೆಡ್ಡಿನಲ್ಲಿ ನಿಂತವು. ಇನ್ನೊಂದು, 2023ರಲ್ಲಿ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಅನ್ನುವ ಶಕ್ತಿ ಯೋಜನೆ ಬಂತಲ್ಲ, ಖಾಸಗಿ ಬಸ್ಸಿನ ಊರಾದ್ದರಿಂದ ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಪೇಟೆಯೊಳಗೆ ಇನ್ನೂ ಟಿಕೆಟ್ ಕೊಡ್ತಾ ಇದ್ದಾರೆ. ಕಿಲೋಮೀಟರ್ ಲೆಕ್ಕದ ಒಪ್ಪಂದ ಆದರೆ ಅದಕ್ಕೂ ದಾರಿ ಸಿಗಬಹುದು. ನೀರಿನ ಮೆಟ್ರೊ, ವಿದ್ಯುತ್ ತಂತಿ, ಅದೆಲ್ಲ ಪ್ರಶ್ನೋತ್ತರದಲ್ಲಿ ಕೇಳಿ.

ಕೊನೆಗೊಂದು ಕೋರಿಕೆ. ಪಿವಿಎಸ್‌ನಿಂದ ಮೇಲೆ ಎಂ.ಜಿ. ರಸ್ತೆ ಅಗಲವಾಗಿದೆ, ಅಲ್ಲಿ 7 ಮೀಟರ್ ಬಿಡಿಸುವುದು ಕಷ್ಟ ಅಲ್ಲ. ಹಂಪನಕಟ್ಟೆಯಿಂದ ಪಿವಿಎಸ್ ತನಕದ ತುಂಡಿನದ್ದೇ ತಲೆನೋವು. ಅದನ್ನು ಅಳೆಯದೆ ವಾದ ಮಾಡುವುದರಲ್ಲಿ ಅರ್ಥ ಇಲ್ಲ. ನನ್ನ ಹತ್ತಿರ 30 ಮೀಟರಿನ ಟೇಪು ಉಂಟು, ಹಿಡಿಯಲಿಕ್ಕೆ ಇನ್ನೊಬ್ಬರು ಬೇಕು, ಬರೆದುಕೊಳ್ಳಲಿಕ್ಕೆ ಒಬ್ಬರು. ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಬಸ್ಸುಗಳ ಗಲಾಟೆ ಶುರುವಾಗುವ ಮೊದಲು, ಗಡಿಯಾರ ಗೋಪುರದ ಬುಡದಲ್ಲಿ ಇರ್ತೇನೆ. ಮಳೆ ಇದ್ದರೂ ಇರ್ತೇನೆ. ಅಂಗಡಿಯವರು ಯಾರಾದರೂ ಸಭೆಯಲ್ಲಿದ್ದರೆ ನೀವೂ ಬನ್ನಿ, ನಿಮ್ಮ ಮೆಟ್ಟಿಲಿನಿಂದಲೇ ಅಳತೆ ಶುರು ಮಾಡುವ.